ಕಾಯುವ ಮೊಳೆ

ಆಸ್ಪತ್ರೆಯ ಓಣಿಯ ಕೊನೆಯಲ್ಲಿ ಗೋಡೆಗೆ ತೂಗುಹಾಕಿದ್ದ ಮರಳಿನ ಬಕೆಟ್ಟನ್ನು ಅವಳು ಮತ್ತೊಮ್ಮೆ ನೋಡಿದಳು. ಬಲಗಣ್ಣು ಮುಚ್ಚಿದರೆ ಅದು ಕೆಂಪು. ಬೆಂಕಿ ಬಿದ್ದಾಗ ಜನ ಹುಡುಕದೆ ಕೈಹಾಕಬೇಕಾದ ಬಕೆಟ್ಟು ಹೇಗಿರಬೇಕೋ ಹಾಗೆ, ಗದರಿಸುವ ಕೆಂಪು. ಎಡಗಣ್ಣು ಮುಚ್ಚಿದರೆ ಅದೇ ಬಕೆಟ್ಟು ಒಗೆದೊಗೆದು ಸೋತ ಅಂಗಿಯಂತಾಗಿ, ಇದನ್ನು ಕೆಂಪು ಅನ್ನಲೋ ಬೇಡವೋ ಎಂದು ನಾಲಿಗೆ ತಡವರಿಸುತ್ತಿತ್ತು. ಬಲ, ಎಡ. ಬಲ, ಎಡ. ಒಂದು ಬಕೆಟ್ಟು ಹೀಗೆ ಎರಡಾಗಿ ಮತ್ತೆ ಒಂದಾಗುವುದನ್ನು ನೋಡುತ್ತ ನೋಡುತ್ತ ಅವಳಿಗೆ ಹಿತವಾದ ಮಂಪರು ಕವಿಯಿತು. ಎದುರು ಬೆಂಚಿನ ಮುದುಕ ತಲೆಗೂದಲು ಸವರಿಕೊಂಡು, ಕಾಲರು ಸರಿಮಾಡಿಕೊಂಡು, ಅವಳ ಕಡೆ ನೋಡಿ ನಕ್ಕಾಗಲೇ ಎಚ್ಚರ. ಅಯ್ಯೋ ದೇವರೇ, ಈತ ಬಕೆಟ್ಟಿನ ನೇರಕ್ಕೇ ಕೂತಿದ್ದಾನೆ, ತಾನು ಇಷ್ಟು ಹೊತ್ತು ಕಣ್ಣು ಹೊಡೆದದ್ದು ಬಕೆಟ್ಟಿಗೆ ಎಂದು ಹೇಳುವುದು ಹೇಗೆ? ಮುದುಕನ ಪಕ್ಕದ ಹೆಂಗಸು, ಹೆಂಡತಿಯೇ ಇರಬೇಕು, ಕೈಚೀಲವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿ, "ಈ ವಯಸ್ಸಿಗೆ ನಿಮಗೆ ಅದೊಂದು ಬಾಕಿ ಇತ್ತು" ಎಂದಳು. ಕಣ್ಣು ಹೊಡೆದವಳು ತಲೆ ತಗ್ಗಿಸಿ ತನ್ನ ಬೂದು ಕೋಟಿನ ತೋಳಿನಲ್ಲಿ ಇಲ್ಲದ ದಾರವೊಂದನ್ನು ಹುಡುಕತೊಡಗಿದಳು. ಇಲ್ಲಿಂದ ನೇರ ಕೆಲಸಕ್ಕೆ ಹೋಗುವುದಿತ್ತು, ಅದಕ್ಕೇ ಕೋಟು ಹಾಕಿಕೊಂಡೇ ಬಂದಿದ್ದಳು.

ಕಣ್ಣನ್ನು ನಂಬಿ ಅನ್ನ ತಿಂದವಳು ಅವಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಬಣ್ಣದಕ್ಕ. ಅವಳಿಗಿಂತ ಹಿರಿಯರ ಬಾಯಲ್ಲೂ ಅಕ್ಕನೇ. ಬಣ್ಣದ ತೊಟ್ಟಿಯಿಂದ ಬಂದ ಬಟ್ಟೆ ಗಿರಾಕಿ ಕೇಳಿದ ಬಣ್ಣಕ್ಕೆ ಕೂತಿದೆಯೋ ಇಲ್ಲವೋ ಎಂದು ಅವಳು ಹೇಳಬೇಕು, ಅವಳು ಹೇಳಿದ ಮೇಲೆ ಅದಕ್ಕೆ ಎರಡು ಮಾತಿಲ್ಲ. ಅವಳ ಕೋಣೆಯ ಗೋಡೆ ಬೂದು, ಮೇಜು ಬೂದು, ಕೋಟು ಬೂದು. ಸುತ್ತ ಬೇರೆ ಬಣ್ಣವಿದ್ದರೆ ಕಣ್ಣು ಅದರ ಕಡೆ ವಾಲುತ್ತದೆಂದು ಹಾಗೆ. ಡ್ರಾಯರಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ತಾಯಿತುಂಡು, ಅಂಗೈಯಗಲದ ಬಟ್ಟೆ. ಹೊಸದನ್ನು ಅದರ ಪಕ್ಕ ಇಟ್ಟು ನೋಡುವುದು. ಕೂತಿದ್ದರೆ ಕೂತಿದೆ, ಇಲ್ಲದಿದ್ದರೆ ಇಲ್ಲ. ಒಂದೊಂದು ಸಲ ಮಾತ್ರ, ಎಷ್ಟು ನೋಡಿದರೂ ಕಣ್ಣು ಹೌದು ಅನ್ನದು, ಅಲ್ಲ ಅನ್ನದು. ಅಂಥ ತುಂಡನ್ನು ಕಿಟಕಿಯ ಪಕ್ಕದ ಮೊಳೆಗೆ ಸಿಕ್ಕಿಸಿ ಬಿಟ್ಟುಬಿಡುವುದು ಅವಳಿಗಿಂತ ಮುಂಚಿನಿಂದ ಬಂದ ಪದ್ಧತಿ. ಅದಕ್ಕೆ ಕಾಯುವ ಮೊಳೆ ಎಂದೇ ಹೆಸರು. ಬೆಳಗಿನ ಬೆಳಕಿಗೆ ನೋಡೋಣ ಎಂದರೆ ಆಯಿತು, ಮಾಲೀಕನೂ ತುಟಿ ಪಿಟಕ್ಕೆನ್ನುವಂತಿಲ್ಲ. ಆದರೆ ಅವಳಿಗೆ ಆ ಮೊಳೆ ಕಂಡರೆ ಅಷ್ಟಕ್ಕಷ್ಟೇ. ಅದರ ಮೇಲೆ ಬಟ್ಟೆ ನೇತಾಡಿದ ದಿನ ಮನೆಗೆ ಹೋದರೂ ಯಾರದೋ ಮಾತಿಗೆ ಉತ್ತರ ಕೊಡದೆ ಬಂದ ಹಾಗೆ ಕಸಿವಿಸಿ. ಇನ್ನು ಕೆಂಪಿನ ವಿಷಯಕ್ಕೆ ಬಂದರೆ, ನಾಟಕಶಾಲೆಗಳ ಪರದೆಗೆಂದು ತಿಂಗಳಿಗೊಮ್ಮೆಯಾದರೂ ಬರುವ ಆ ದೊಡ್ಡ ಕೆಂಪಿಗೆ, ಅವಳು ತಾಯಿತುಂಡು ತೆಗೆಯುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ತೊಟ್ಟಿಯ ಗಾಜಿನ ಕಿಂಡಿಗೆ ಬಲಗಣ್ಣು ಹಚ್ಚಿ, ಒಳಗೆ ಕುದಿಯುವ ಬಟ್ಟೆಯನ್ನು ನೋಡಿ, "ಬಂತು, ಇಳಿಸಿ" ಎಂದುಬಿಡುತ್ತಿದ್ದಳು. ಆ ಕೆಂಪು ತಲೆಯೊಳಗೇ ಇದೆ ಎಂಬ ಜಂಬ. ಹೊಸಬರು ಬಂದರೆ ಮಾಲೀಕನೇ ಕರೆತಂದು ತೋರಿಸುತ್ತಿದ್ದ.

ಸುಮಾರು ತಿಂಗಳ ಹಿಂದೆ ಆ ಕೆಂಪು ಬಂದ ದಿನ ಕಿಂಡಿಯ ಗಾಜು ಹಬೆಗೆ ಮಬ್ಬಾಗಿದೆ ಅಂದುಕೊಂಡಳು. ಕೋಟಿನ ತುದಿಯಿಂದ ಒರೆಸಿದಳು. ಕಣ್ಣಿನ ಹಿಂದೆ ಬೆಳಗಿನಿಂದ ಒಂದು ಮಂದ ನೋವು, ಕಣ್ಣು ಹೊರಳಿಸಿದಾಗಲೆಲ್ಲ ಯಾರೋ ಒಳಗಿನಿಂದ ದಾರ ಎಳೆದ ಹಾಗೆ. ನಿದ್ದೆ ಸಾಲದ್ದಕ್ಕೆ ಅಂದುಕೊಂಡಳು. "ಇನ್ನೂ ಬಂದಿಲ್ಲ ಅಣ್ಣ, ಸ್ವಲ್ಪ ಬಣ್ಣ ಹಾಕಿ." ತೊಟ್ಟಿ ನೋಡಿಕೊಳ್ಳುವ ತೊಟ್ಟಿಯಣ್ಣ, ಅವಳು ಕೆಲಸಕ್ಕೆ ಸೇರಿದ ದಿನ ತೊಟ್ಟಿಗಳ ನಡುವೆ ಜಾರದೆ ನಡೆಯುವುದನ್ನು ಕಲಿಸಿದ ಮನುಷ್ಯ, ಕಿಂಡಿಯಲ್ಲಿ ತಾನೂ ಇಣುಕಿ, "ನಂಗೆ ಬಂದಂಗಿದೆಯಲ್ಲಕ್ಕಾ" ಎಂದ. "ನಿಮಗೆ ಹಂಗನ್ಸುತ್ತೆ. ಹಾಕಿ." ಅವನು ಹಾಕಿದ. ಮತ್ತೆ ನೋಡಿದಳು, ಬಟ್ಟೆ ಒಳಗೆ ನಿಧಾನವಾಗಿ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ ಹೊರಳುತ್ತಿತ್ತು, ಆದರೆ ಅವಳ ತಲೆಯೊಳಗಿನ ಕೆಂಪು ಅಲ್ಲಿರಲಿಲ್ಲ. "ಇನ್ನೂ ಸ್ವಲ್ಪ." ಮಾರನೆಯ ಬೆಳಿಗ್ಗೆ ಒಣಗಿದ ಬಟ್ಟೆ ಬೂದು ಕೋಣೆಯ ಮೇಜಿನ ಮೇಲೆ ಬಿದ್ದಿದ್ದಾಗ ಅದು ಪರದೆಯ ಕೆಂಪಲ್ಲ, ಹಳೆಯ ಗಾಯದ ಕೆಂಪಾಗಿತ್ತು. ಮಾಲೀಕ ತಾಯಿತುಂಡನ್ನು ತಾನೇ ತೆಗೆದು ಪಕ್ಕದಲ್ಲಿಟ್ಟ. ಕುರುಡರಿಗೂ ಗೊತ್ತಾಗುವಷ್ಟು ವ್ಯತ್ಯಾಸ. "ಇಷ್ಟು ವರ್ಷ ಆದ್ಮೇಲೂ ನಿಂಗೆ ಕೆಂಪು ಗೊತ್ತಿಲ್ವೇನಯ್ಯಾ?" ಎಂದು ಅವನು ಕೂಗಿದ್ದು ತೊಟ್ಟಿಯಣ್ಣನ ಮೇಲೆ, ಯಾಕೆಂದರೆ ಬಣ್ಣದಕ್ಕ ತಪ್ಪುವುದೆಂದರೇನು. ತೊಟ್ಟಿಯಣ್ಣ ಅವಳ ಕಡೆ ನೋಡಿದ. ಆರೋಪವಿರಲಿಲ್ಲ ಆ ನೋಟದಲ್ಲಿ, ಅದೇ ಸಂಕಟ. ಅವಳು ಏನು ಹೇಳುತ್ತಾಳೋ ಅದನ್ನು ನಂಬಲು ತಯಾರಾಗಿ ನಿಂತ ನೋಟ. ಅವಳು ಕೋಟಿನ ತೋಳಿನಲ್ಲಿ ದಾರ ಹುಡುಕಿದಳು. ಆ ಬಟ್ಟೆಯನ್ನೆಲ್ಲ ಆಮೇಲೆ ಕಂದು ಬಣ್ಣದಲ್ಲಿ ಮುಳುಗಿಸಿ ಕುರ್ಚಿಗಳ ಅಡಿಬಟ್ಟೆಗೆಂದು ಮಾರಿದರು. ಅಂದಿನಿಂದ ತೊಟ್ಟಿಯಣ್ಣ ಅವಳನ್ನು ಮೇಡಂ ಅನ್ನತೊಡಗಿದ್ದ.

ಆಸ್ಪತ್ರೆಯಲ್ಲಿ ಒಳಗಿನಿಂದ ಕರೆ ಬಂತು. ನರದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಬಾಚದ ಕೂದಲು, ಮೇಜಿನ ಮೇಲೆ ಅರ್ಧ ಕುಡಿದು ಮರೆತ ಕಾಫಿ. ಕಿಟಕಿಗೆ ತೆಳು ಪರದೆ, ಅದು ಬೆಳ್ಳಗಿದೆ ಎಂದು ಬೇರೆಯವರಾದರೆ ಹೇಳುತ್ತಿದ್ದರು, ಅದರಲ್ಲಿ ಒಂದೆಳೆ ನೀಲಿ ಇರುವುದು ಅವಳಿಗೆ ಕಂಡಿತು, ಕಂಡದ್ದಕ್ಕೆ ಸಣ್ಣ ಧೈರ್ಯ ಬಂತು. ದೀಪದ ಹಲಗೆಯ ಮೇಲೆ ಅವಳ ತಲೆಯ ಸ್ಕ್ಯಾನು. ಬೂದು ಬಣ್ಣದಲ್ಲಿ ಎಷ್ಟು ಬಗೆಯಿದೆಯೋ ಅಷ್ಟೂ ಅವಳಿಗೆ ಗೊತ್ತಿತ್ತು, ಆದರೆ ತನ್ನ ತಲೆಯೊಳಗೂ ಅದೇ ಬೂದು ಕೋಣೆ ಇದೆಯೆಂದು ಗೊತ್ತಿರಲಿಲ್ಲ. ಡಾಕ್ಟರಮ್ಮ ಪೆನ್ನಿನ ತುದಿಯಿಂದ ತೋರಿಸಿದ ಕಡೆ ಎಳ್ಳುಕಾಳಿನಷ್ಟು ಬಿಳಿ ಚುಕ್ಕೆ.

"ನರದ ಮೇಲೆ ಒಂದು ಹೊದಿಕೆ ಇರುತ್ತೆ, ಕರೆಂಟು ವೈರಿಗೆ ಇರೋ ಹಾಗೆ. ನಿಮ್ಮ ಬಲಗಣ್ಣಿನ ನರದಲ್ಲಿ ಅದಕ್ಕೆ ಊತ ಬಂದಿತ್ತು. ಇಂಜೆಕ್ಷನ್ನಿಗೆ ಇಳಿದಿದೆ. ಓದೋದು, ನೋಡೋದು ಹೆಚ್ಚೂಕಡಿಮೆ ವಾಪಸ್ ಬಂದಿದೆ. ಬಣ್ಣ?"

"ಕೆಂಪು ಪೂರ್ತಿ ಬಂದಿಲ್ಲ. ಬಿಸಿಯಲ್ಲಿ ನಿಂತರೆ ಇನ್ನೂ ಕಮ್ಮಿ. ನಮ್ಮದು ತೊಟ್ಟಿಗಳ ಕೆಲಸ, ಯಾವಾಗಲೂ ಬಿಸಿ. ಆಚೆ ಬಂದು ತಣ್ಣಗಾದರೆ ಮತ್ತೆ ಒಂಚೂರು ಬರುತ್ತೆ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಹಾಗೆ ತಲೆಯೆತ್ತಿದ್ದು ಅವಳಿಗೆ ಇಷ್ಟವಾಗಲಿಲ್ಲ.

"ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಒಂದು ಕಾಯಿಲೆ ಇದೆ. ಇದೇ ಹೊದಿಕೆ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಸಮಯದಲ್ಲಿ ಕೆಡ್ತಾ ಹೋಗೋದು. ಕೆಲವರಿಗೆ ಅದು ಶುರುವಾಗೋದೇ ಕಣ್ಣಿಂದ. ಇನ್ನು ಕೆಲವರಿಗೆ ಕಣ್ಣು ಒಂದು ಸಲ ಹೀಗಾಗುತ್ತೆ, ಆಮೇಲೆ ಜೀವಮಾನದಲ್ಲಿ ಏನೂ ಆಗಲ್ಲ. ಈ ಚುಕ್ಕೆ ಅದರದೂ ಇರಬಹುದು, ಸುಮ್ಮನೆ ಯಾವುದೋ ಹಳೇ ತಲೆನೋವಿನದೂ ಇರಬಹುದು. ರಕ್ತದಲ್ಲಿ ಬೇರೆ ಏನೂ ಸಿಕ್ಕಿಲ್ಲ, ಅದು ಒಳ್ಳೇದೇ."

"ಅಂದರೆ ನನಗೆ ಇದೆಯಾ, ಇಲ್ವಾ?"

"ಇವತ್ತಿಗೆ ಹೇಳಕ್ಕಾಗಲ್ಲ."

"ಇದೇನು ಉತ್ತರಾನಾ ಡಾಕ್ಟ್ರೇ?" ದನಿ ಇಷ್ಟು ಜೋರಾಗಿ ಬಂದೀತೆಂದು ಅವಳೂ ತಿಳಿದಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಇಷ್ಟು ಓದಬೇಕಿತ್ತೇ. ಮೇಜಿನ ಮೇಲಿಟ್ಟ ಬಟ್ಟೆಯನ್ನು ನೋಡಿ ಇವತ್ತಿಗೆ ಹೇಳಕ್ಕಾಗಲ್ಲ ಎಂದು ತಾನು ಪ್ರತಿದಿನ ಹೇಳಿದ್ದರೆ ಮಾಲೀಕ ಯಾವತ್ತೋ ಮನೆಗೆ ಕಳಿಸುತ್ತಿದ್ದ.

ಡಾಕ್ಟರಮ್ಮನಿಗೆ ಬೇಸರವಾದಂತೆ ಕಾಣಲಿಲ್ಲ. "ಅಲ್ಲ, ಒಳ್ಳೆ ಉತ್ತರ ಅಲ್ಲ. ಆದರೆ ನನ್ನ ಹತ್ರ ಇರೋ ನಿಜ ಇಷ್ಟೇ. ಸುಳ್ಳು ಹೆಸರು ಕೊಟ್ಟರೆ ನಿಮಗೆ ಬೇಡದ ಔಷಧಿ ಕೊಡ್ತೀನಿ. ಸುಳ್ಳು ಸಮಾಧಾನ ಹೇಳಿದರೆ ಬೇಕಾಗಿದ್ದನ್ನ ತಪ್ಪಿಸ್ತೀನಿ. ಬೆನ್ನಿನಿಂದ ನೀರು ತೆಗೆದು ನೋಡಬಹುದು; ಅದು ದಾರಿ ತೋರಿಸುತ್ತೆ, ಅದೊಂದೇ ತೀರ್ಪು ಕೊಡಲ್ಲ. ಕೆಲವು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನು. ಒಂದು ಮಾತು, ಚೆನ್ನಾಗಿ ಯೋಚಿಸಿ ಹೇಳಿ. ಹಿಂದೆ ಯಾವತ್ತಾದರೂ ಕೈಯೋ ಕಾಲೋ ಜುಮ್ಮೆಂದು ದಿನಗಟ್ಟಲೆ ಹಾಗೇ ಉಳಿದಿದ್ದು, ಮರಗಟ್ಟಿದ್ದು, ನಡೆಯೋವಾಗ ತೊಡರಿದ್ದು? ಅಂಥದ್ದೊಂದು ಇದ್ದರೆ ಲೆಕ್ಕ ಬೇರೆ ಆಗುತ್ತೆ."

"ಇಲ್ಲ" ಎಂದಳು ಅವಳು. ಯೋಚಿಸದೆ, ತಟ್ಟನೆ, ಕಿಂಡಿಯಲ್ಲಿ ಇಣುಕಿ ಹೇಳುವ ಹಾಗೆ.

ಬಸ್ಸಿನ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬೀದಿ ಹಿಂದಕ್ಕೆ ಹರಿಯುತ್ತಿತ್ತು: ಚಕ್ರ ದುರಸ್ತಿಯ ಅಂಗಡಿ, ಔಷಧಿ ಅಂಗಡಿ, ಹಲ್ಲಿನ ಡಾಕ್ಟರರ ಬೋರ್ಡು, ಯಾರದೋ ಮಹಡಿಯಲ್ಲಿ ಒಣಹಾಕಿದ ಒಂದು ಹಾಸಿಗೆಯ ಹೊದಿಕೆ ಹೊಟ್ಟೆ ತುಂಬ ಗಾಳಿ ಕುಡಿದು ಸುಮ್ಮನೆ ನಿಂತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಇದು ತಪ್ಪಿತೋ, ಇನ್ನೂ ಮೇಲೆ ಎತ್ತಿಕೊಂಡೇ ಇದೆಯೋ ಅದನ್ನೂ ಹೇಳಬಾರದೇ. ಅವಳು ಬಲಗಣ್ಣು ಮುಚ್ಚಿದಳು, ಮುದುಕ ನೆನಪಾಗಿ ತಟ್ಟನೆ ತೆಗೆದಳು. ಬಸ್ಸು ತಿರುವಿನಲ್ಲಿ ಬ್ರೇಕು ಹಾಕಿದಾಗ ಕಾಲಿನಿಂದ ಚಪ್ಪಲಿ ಜಾರಿ ಸೀಟಿನ ಕೆಳಗೆ ಹೋಯಿತು, ಅವಳು ಅದನ್ನು ಕಾಲ್ಬೆರಳಿನಿಂದ ತಡವಿ ಹುಡುಕುತ್ತ, ಅರ್ಧಕ್ಕೇ ನಿಲ್ಲಿಸಿದಳು. ಒಂಟಿಚಪ್ಪಲಿ ಅಮ್ಮನವರು. ಮನೆಯಲ್ಲಿ ಇವತ್ತಿಗೂ ನಗುವ ಜೋಕು. ಹೋದ ವರ್ಷ ಕೆಲಸ ಮುಗಿಸಿ ಬಸ್‌ಸ್ಟಾಪಿನಿಂದ ನಡೆದು ಬಂದು ಬಾಗಿಲಲ್ಲಿ ನಿಂತರೆ ಗಂಡ ಅವಳ ಕಾಲು ನೋಡಿ, "ಇನ್ನೊಂದನ್ನ ಯಾರಿಗೆ ದಾನ ಮಾಡಿ ಬಂದೆ?" ಎಂದಿದ್ದ. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಅಷ್ಟು ದೂರ ಜಲ್ಲಿ ಹಾಸಿದ ರಸ್ತೆಯಲ್ಲಿ ನಡೆದು ಬಂದಿದ್ದಾಳೆ, ಗೊತ್ತೇ ಆಗಿಲ್ಲ. ಮಗಳು ಬಿದ್ದು ಬಿದ್ದು ನಕ್ಕಳು. ಅವಳೂ ನಕ್ಕಳು, ತನ್ನ ಮರೆವಿಗೆ ತಾನೇ ಹಣೆ ಚಚ್ಚಿಕೊಂಡು. ಮರೆವೇ? ಕಲ್ಲು ಚುಚ್ಚುವುದನ್ನು ಯಾರಾದರೂ ಮರೆಯುತ್ತಾರೆಯೇ?

ಗಂಡ ಲಿಫ್ಟ್ ರಿಪೇರಿಯವನು. ಅವಳು ಬಸ್ಸಿನಿಂದಲೇ ಹಚ್ಚಿದ ಫೋನನ್ನು ಅವನು ಎತ್ತಿದಾಗ ಹಿಂದೆ ಯಾವುದೋ ಕಬ್ಬಿಣದ ಗುಡುಗುಡು. "ಏನಂದ್ರು?"

"ಇದೆ ಅನ್ನಲಿಲ್ಲ. ಇಲ್ಲ ಅನ್ನಲಿಲ್ಲ."

"ಅದೆಂಥ ಡಾಕ್ಟ್ರೇ ಮಾರಾಯ್ತಿ. ನಾನು ಹೋಗಿ ಲಿಫ್ಟು ಕೆಟ್ಟಿರಬಹುದು ಕೆಟ್ಟಿಲ್ಲದೇನೂ ಇರಬಹುದು ಅಂದ್ರೆ ಚೆನ್ನಾಗಿ ಬಾರಿಸಿ ಕಳಿಸ್ತಾರೆ."

ಅವನು ಅವಳನ್ನು ನಗಿಸಲೆಂದೇ ಹೇಳಿದ್ದು, ಅವಳು ನಕ್ಕಳು ಕೂಡ. ಆಮೇಲೆ ಕೇಳಿದಳು. "ಆವತ್ತು ಚಪ್ಪಲಿ ಬಿಟ್ಟು ಬಂದಿದ್ದೆನಲ್ಲ, ಯಾವ ಕಾಲು?"

"ಬಲಗಾಲು. ಯಾಕೆ?"

ಎಡಗಾಲು ಎಂದು ಅವಳ ನೆನಪು. ಎಡಗಾಲಿನ ಬರಿ ಹೆಬ್ಬೆರಳು, ಅದರ ಮೇಲೆ ಧೂಳು, ಬಾಗಿಲ ಬಳಿಯ ದೀಪ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು.

"ನೀನು ಆ ದಿನಗಳಲ್ಲಿ" ಎಂದು ಗಂಡ ನಿಧಾನವಾಗಿ ಶುರುಮಾಡಿದ. ಹಿಂದಿನ ಗುಡುಗುಡು ನಿಂತಿತ್ತು, ಯಾವುದೋ ಮೂಲೆಗೆ ಬಂದಿದ್ದಾನೆ. "ನೀನು ಆವಾಗ ಮೆಟ್ಟಿಲು ಇಳಿಯೋವಾಗ ಗೋಡೆ ಹಿಡ್ಕೋತಿದ್ದೆ. ಇಷ್ಟು ಬೇಗ ವಯಸ್ಸಾಯ್ತಾ ಅಂತ ನಾನು ರೇಗಿಸಿದ್ದೆ. ಅಲ್ವಾ? ಇಲ್ಲ, ಅದು ನಿನ್ನ ಸೊಂಟ ಹಿಡಿದಾಗಲೋ? ನಂಗೂ ಈಗ ಸರಿಯಾಗಿ ಗೊತ್ತಾಗ್ತಿಲ್ಲ ಕಣೇ."

ಗೋಡೆ ಅವಳಿಗೆ ನೆನಪೇ ಇರಲಿಲ್ಲ. ಆದರೆ ಅವನು ಹೇಳಿದ ಕೂಡಲೇ ಅಂಗೈಗೆ ಗೋಡೆಯ ತಣ್ಣನೆಯ ಸುಣ್ಣ ತಾಗಿತು, ಈಗ ತಾನೇ ಮುಟ್ಟಿದಂತೆ, ಮತ್ತು ಅದು ನೆನಪೋ ಅವನು ಹೇಳಿದ್ದಕ್ಕೆ ಮನಸ್ಸು ಹಾಕಿಕೊಂಡ ಬಣ್ಣವೋ ತಿಳಿಯಲಿಲ್ಲ. ತಲೆಯೊಳಗೆ ಇಟ್ಟುಕೊಂಡ ಬಣ್ಣ ದಿನ ಕಳೆದಂತೆ ನಮಗೆ ಬೇಕಾದ ಕಡೆಗೆ ಜಾರುತ್ತದೆ, ಅದಕ್ಕೇ ಡ್ರಾಯರಿನಲ್ಲಿ ತುಂಡು ಇಡುವುದು. ಹೋದ ವರ್ಷದ ಕಾಲಿಗೆ ಎಲ್ಲಿದೆ ತಾಯಿತುಂಡು? ಡಾಕ್ಟರಮ್ಮನಿಗೆ ಹೇಳಿದರೆ ಅದು ಕಾಯಿಲೆಗೆ ಹೆಸರಾಗಬಹುದು. ಹೇಳದಿದ್ದರೆ ಬರಿಯ ಜೋಕಾಗಿಯೇ ಉಳಿಯಬಹುದು. ಹೆಸರು ಬೇಕು ಬೇಕು ಎಂದು ದನಿಯೇರಿಸಿ ಬಂದವಳು ತಾನೇ, ಈಗ ಅದರ ಅರ್ಧ ತನ್ನ ಬಾಯಲ್ಲೇ ಇರುವಾಗ ಅವಳಿಗೆ ಹೆದರಿಕೆಯಾಯಿತು, ಚಿಕ್ಕ ಮಕ್ಕಳಿಗೆ ಆಗುವಂಥ ಶುದ್ಧ ಹೆದರಿಕೆ. ಇಳಿಯುವ ಸ್ಟಾಪು ದಾಟಿಹೋಗಿತ್ತು. ಹಿಂದಕ್ಕೆ ನಡೆಯುವಾಗ ಪ್ರತಿ ಹೆಜ್ಜೆಗೂ ಅಂಗಾಲು ನೆಲವನ್ನು ಮುಟ್ಟಿತೇ ಎಂದು ಕೇಳಿಕೊಳ್ಳುತ್ತ ನಡೆದಳು. ಹಾಗೆ ಕೇಳಿಕೊಂಡು ನಡೆದರೆ ಎಂಥವರ ಕಾಲೂ ತೊಡರುತ್ತದೆ, ಅವಳದೂ ತೊಡರಿತು.

ಕಾರ್ಖಾನೆಯ ಬಾಗಿಲು ದಾಟುತ್ತಲೇ ಬಿಸಿ ಮುಖಕ್ಕೆ ಅಂಟಿತು. ಇವತ್ತು ಕೆಂಪು. ಗೊತ್ತಿತ್ತು ಅವಳಿಗೆ, ಆವತ್ತಿನ ನಂತರ ಮೊದಲ ಸಲ ಪರದೆಯ ಕೆಂಪು ಇಳಿದಿತ್ತು ತೊಟ್ಟಿಗೆ. ಹಬೆಯಲ್ಲಿ ಜನ ಅರ್ಧರ್ಧ ಕಾಣುತ್ತಿದ್ದರು, ಒಂದು ತಲೆ, ಒಂದು ತೋಳು, ಮತ್ತೆ ಏನೂ ಇಲ್ಲ. ಗೋಡೆಯ ಮೇಲಿನ ಎಚ್ಚರಿಕೆಯ ಕೆಂಪು ಅಕ್ಷರಗಳು ಅವಳು ನೋಡುತ್ತಿದ್ದಂತೆಯೇ ಬಲಗಣ್ಣಿಗೆ ಮೆಲ್ಲಗೆ ಸೋತವು, ಯಾರೋ ದೀಪ ಸಣ್ಣ ಮಾಡಿದ ಹಾಗೆ. ಅದರಲ್ಲಿ ಒಂದು ಬಗೆಯ ಚೆಲುವೂ ಇತ್ತು, ಅದು ಅವಳಿಗೆ ನಾಚಿಕೆ ತಂದಿತು. ತೊಟ್ಟಿಯ ಪಕ್ಕದಲ್ಲಿ ತೊಟ್ಟಿಯಣ್ಣ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಈಚೆಗೆ ಹಾಕಿಕೊಂಡಿದ್ದ ಹೊಸ ಕನ್ನಡಕ. ಹಬೆಗೆ ಮಂಜಾಗುವುದು, ಅವನು ಅಂಗಿಯಿಂದ ಒರೆಸುವುದು, ಹಾಕುವುದು, ಮತ್ತೆ ಮಂಜಾಗುವುದು. ವಯಸ್ಸಾಯಿತು ಪಾಪ ಎಂದು ಅವಳು ಅಂದುಕೊಂಡಿದ್ದಳು.

"ಮೇಡಂ, ನೋಡಿ ಹೇಳಿ. ಇಳಿಸಬೇಕು."

ಅವಳು ಕಿಂಡಿಯ ಬಳಿ ಹೋದಳು. ತಲೆ ಬಗ್ಗಿಸಿದಳು. ಗಾಜಿನಾಚೆ ಬಟ್ಟೆ ಅದೇ ನಿದ್ದೆಯ ಹೊರಳಾಟ ಹೊರಳುತ್ತಿತ್ತು, ಬಲಗಣ್ಣಿಗೆ ಅದು ತೊಳೆದ ಇಟ್ಟಿಗೆ. ಎಡಗಣ್ಣು ಹಚ್ಚಿ ನೋಡಿ ಬಂತು ಅಂದುಬಿಟ್ಟರೆ ಮುಗಿಯಿತು. ಯಾರು ನೋಡುತ್ತಾರೆ ಯಾವ ಕಣ್ಣೆಂದು? ಹಾವೂ ಸತ್ತೀತು, ಕೋಲೂ ಮುರಿಯದು. ಹೆಸರೇ ಇಲ್ಲದ ಕಾಯಿಲೆಯನ್ನು ಹೇಳಿಕೊಂಡು ಕೆಲಸ ಕಳೆದುಕೊಳ್ಳುವ ಪೆದ್ದಿ ಯಾರು? ಕಾಲು ಮುರಿದಿದೆ ಎಂದರೆ ಜನ ಕುರ್ಚಿ ಕೊಡುತ್ತಾರೆ. ಇರಬಹುದು, ಇಲ್ಲದೇನೂ ಇರಬಹುದು ಎಂದರೆ ನೆಪ ಅನ್ನುತ್ತಾರೆ. ಅವಳು ಮುಖ ಬದಲಿಸಿ ಎಡಗಣ್ಣು ಹಚ್ಚಿದಳು. ಗಾಜಿನಲ್ಲಿ ಪಕ್ಕದ ತೊಟ್ಟಿಯಣ್ಣನ ಮುಖ ಮಸುಕಾಗಿ ಬಿದ್ದಿತ್ತು: ಕನ್ನಡಕ ಮಂಜಾಗಿ ಎರಡು ಬಿಳಿ ಬಿಲ್ಲೆ, ಅವಳ ಬಾಯಿಂದ ಏನು ಬೀಳುತ್ತದೋ ಎಂದು ಕಾಯುತ್ತ ತೆರೆದ ಬಾಯಿ.

"ಅಣ್ಣ" ಎಂದಳು ಅವಳು, ಕಿಂಡಿಯಿಂದ ತಲೆಯೆತ್ತದೆಯೇ. "ಆವತ್ತು ನಿಮ್ಮ ಕೆಂಪು ಸರಿಯಾಗಿತ್ತು. ಮೊದಲ ಸಲಕ್ಕೇ ಬಂದಿತ್ತು. ಕೆಟ್ಟಿದ್ದು ನನ್ನ ಕಣ್ಣು."

ತೊಟ್ಟಿಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಅವನು ಕನ್ನಡಕ ತೆಗೆದ. ಒರೆಸಲಿಲ್ಲ.

"ಏನಂದ್ರಿ?"

"ಬಲಗಣ್ಣಿನಲ್ಲಿ ಕೆಂಪು ಕಾಣಲ್ಲ ನಂಗೆ. ಸರಿಯಾಗಿ ಕಾಣಲ್ಲ. ಆವತ್ತೇ ಶುರುವಾಗಿದ್ದು. ಆವತ್ತು ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು, ಹೇಳಲಿಲ್ಲ."

"ಏನಾಗಿದೆ ಕಣ್ಣಿಗೆ?"

"ಗೊತ್ತಿಲ್ಲ ಅಣ್ಣ. ಡಾಕ್ಟ್ರಿಗೂ ಗೊತ್ತಿಲ್ಲ."

ಅವನು ಕೈಯಲ್ಲಿದ್ದ ಕನ್ನಡಕವನ್ನು ತಿರುಗಿಸಿ ತಿರುಗಿಸಿ ನೋಡಿದ, ಅದು ಹೇಗೆ ತನ್ನ ಕೈಗೆ ಬಂತು ಎನ್ನುವಂತೆ. "ಹಂಗಾದ್ರೆ ಇದು?" ಎಂದ. ಅವಳಿಗೆ ಅರ್ಥವಾಗಲಿಲ್ಲ. "ಇದು ಯಾಕೆ ಮಾಡಿಸ್ಕೊಂಡೆ ಗೊತ್ತೇನಮ್ಮಾ? ಕಣ್ಣಿನ ಅಂಗಡಿಯವನು ನೋಡಿ, ನಿಮ್ಮ ಕಣ್ಣು ಚೆನ್ನಾಗಿದೆ ಯಜಮಾನ್ರೇ, ಹೋಗಿ ಅಂದ. ನಾನು ಒಪ್ಪಲಿಲ್ಲ. ನಮ್ಮ ಬಣ್ಣದಕ್ಕ ಬಂದಿಲ್ಲ ಅಂದಿದ್ದು ನಂಗೆ ಬಂದಂಗೆ ಕಂಡಿದೆ ಅಂದ್ರೆ ಕಣ್ಣಲ್ಲೇ ಏನೋ ಇದೆ, ಸರಿಯಾಗಿ ನೋಡಪ್ಪಾ ಅಂತ ಜಗಳ ಆಡಿದೆ. ಕಾಟ ತಡೀಲಾರದೆ ಏನೋ ಒಂದು ಗಾಜು ಹಾಕಿ ಕೊಟ್ಟ. ನನ್ನ ಹೆಂಡ್ತಿಗೆ ಹೇಳಿದೀನಮ್ಮಾ, ನನ್ನ ಕಣ್ಣು ಹೋಗ್ತಿದೆ ಅಂತ. ಅವಳು ಅತ್ತಳು. ದಿನಾ ಬೆಳಿಗ್ಗೆ ಎದ್ದು ಅವಳ ಮುಖ ನೋಡಿ, ಇವತ್ತು ಕಾಣ್ತಾ ಇದೆ ಅಂತ ಲೆಕ್ಕ ಇಟ್ಕೊಂಡಿದೀನಿ."

ಬೈದಿದ್ದರೆ ಅವಳು ಕೇಳಿಸಿಕೊಂಡು ನಿಲ್ಲುತ್ತಿದ್ದಳು. ಅವನು ಬೈಯಲಿಲ್ಲ, ಬರಿಗಣ್ಣಿನಿಂದ ಅವಳನ್ನು ನೋಡಿದ, ತನ್ನ ಕಣ್ಣು ತನಗೆ ವಾಪಸು ಬಂದದ್ದನ್ನು ಇನ್ನೂ ನಂಬಲಾರದೆ. ಅವಳಿಗೆ ಅಳು ಬಂತು. ತನ್ನ ಕಣ್ಣಿಗಾಗಿ ಇಷ್ಟು ದಿನ ಬಾರದ ಅಳು ಅವನ ಕಣ್ಣಿಗಾಗಿ ಬಂತು, ಹಬೆಯಲ್ಲಿ ಯಾರಿಗೂ ತಿಳಿಯದ ಹಾಗೆ ಹರಿಯಿತು. "ತಪ್ಪಾಯ್ತು ಅಣ್ಣ" ಎಂದಳು. "ಮಾಲೀಕರಿಗೆ ಹೇಳು" ಎಂದ ಅವನು. ಆ ಮಾತಿನಲ್ಲಿ ಮೇಡಂ ಇರಲಿಲ್ಲ, ಅಕ್ಕ ಇರಲಿಲ್ಲ. "ನನ್ನನ್ನ ಎಲ್ಲರ ಮುಂದೆ ಅಂದ್ರು. ನೀನೂ ಎಲ್ಲರ ಮುಂದೆ ಹೇಳು."

ಮಾಲೀಕನನ್ನು ಕರೆಯಬೇಕಾಗಲಿಲ್ಲ, ತೊಟ್ಟಿ ಇನ್ನೂ ಯಾಕೆ ಇಳಿದಿಲ್ಲ ಎಂದು ಅವನೇ ಬಂದ. ಸುತ್ತ ನಾಲ್ಕು ಜನ ಕೆಲಸ ನಿಲ್ಲಿಸಿದ್ದರು. ಅವಳು ಹೇಳಿದಳು, ತೊಟ್ಟಿಯ ಸದ್ದಿಗಿಂತ ಗಟ್ಟಿಯಾಗಿ, ಕೆಂಪು ಕೆಡಿಸಿದ್ದು ತಾನು, ಅಣ್ಣನದು ತಪ್ಪಿರಲಿಲ್ಲ, ತನ್ನ ಒಂದು ಕಣ್ಣಿನ ನರಕ್ಕೆ ಏನೋ ಆಗಿದೆ. ಮಾಲೀಕ ಕೆಟ್ಟವನಲ್ಲ, ಅವಸರದವನು. "ಸರಿಹೋಗುತ್ತಾ, ಇಲ್ವಾ?"

"ಗೊತ್ತಿಲ್ಲ ಸಾರ್."

"ಹೆಚ್ಚಾಗುತ್ತಾ?"

"ಅದೂ ಗೊತ್ತಿಲ್ಲ."

"ಇದೇನು ಉತ್ತರಾನಾ?" ಎಂದ ಮಾಲೀಕ.

ಬೆಳಿಗ್ಗೆ ಇದೇ ಮಾತನ್ನು ಇದೇ ದನಿಯಲ್ಲಿ ಕೇಳಿಸಿಕೊಂಡು ಬಾಚದ ಕೂದಲಿನ ಆ ಹುಡುಗಿ ಮುಖ ಸಿಂಡರಿಸಿರಲಿಲ್ಲ. "ಅಲ್ಲ ಸಾರ್" ಎಂದಳು ಅವಳು. "ಆದರೆ ನನ್ನ ಹತ್ರ ಇರೋದು ಇಷ್ಟೇ." ಮಾಲೀಕ ಅವಳನ್ನು ನೋಡಿದ, ತೊಟ್ಟಿಯಣ್ಣನನ್ನು ನೋಡಿದ, ಆವತ್ತು ತಾನು ಕೂಗಿದ್ದು ನೆನಪಾಯಿತೋ ಏನೋ, ಕತ್ತಿನ ಹಿಂಭಾಗ ತುರಿಸಿಕೊಂಡ. "ಇವತ್ತಿನದನ್ನ ಇಬ್ಬರೂ ಸೇರಿ ನೋಡಿ. ನಿಮ್ಮದು ನಾಳೆ ಮಾತಾಡೋಣ" ಎಂದು ಹೊರಟುಹೋದ. ನಾಳೆ ಅವನು ಏನು ಮಾತಾಡುತ್ತಾನೋ, ಅದೂ ಅವಳಿಗೆ ಗೊತ್ತಿರಲಿಲ್ಲ.

ತೊಟ್ಟಿಯಣ್ಣ ಬಟ್ಟೆಯ ತುದಿಯಿಂದ ಒಂದು ತುಂಡು ಕತ್ತರಿಸಿ, ಹಿಂಡಿ, ಒಣಗಿಸಿ ಬೂದು ಕೋಣೆಗೆ ತಂದ. ಅಲ್ಲಿ ತಂಪಿತ್ತು. ಅವಳು ಡ್ರಾಯರು ಎಳೆದು ಕೆಂಪಿನ ತಾಯಿತುಂಡನ್ನು ತೆಗೆದಳು. ಎಷ್ಟು ವರ್ಷಗಳ ಮೇಲೆ ತೆಗೆದದ್ದೋ, ಕೈಗೆ ಅದು ತನ್ನದಲ್ಲದ ಬಟ್ಟೆಯಂತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು, ಅವನ ಎದುರಿಗೇ. ಬಹಳ ಹೊತ್ತು ನೋಡಿದಳು.

"ನಂಗೆ ಬಂದ ಹಾಗೆ ಕಾಣುತ್ತೆ" ಎಂದಳು. ಆಮೇಲೆ, ಆ ಕೋಣೆಯಲ್ಲಿ ಯಾವತ್ತೂ ಯಾರನ್ನೂ ಕೇಳದ ಮಾತನ್ನು ಕೇಳಿದಳು. "ನಿಮಗೆ?"

ಅವನು ಬಗ್ಗಿದ, ತಲೆ ವಾರೆ ಮಾಡಿದ, ಕಿಟಕಿಯ ಕಡೆ ಹಿಡಿದು ನೋಡಿದ, ಮತ್ತೆ ಇಟ್ಟ. ಇಷ್ಟು ದಿನ ತನ್ನ ಕಣ್ಣಿನ ಮೇಲೆ ತಾನೇ ಗುಮಾನಿಪಟ್ಟವನು ಒಂದೇ ಸಲಕ್ಕೆ ಅದನ್ನು ನಂಬಲಾರ. ಅವನು ನೋಡುತ್ತಿರುವಾಗಲೇ ಅವಳು ಫೋನು ತೆಗೆದು ಆಸ್ಪತ್ರೆಗೆ ಹಚ್ಚಿದಳು. ಯಾರೋ ಎತ್ತಿದರು, ಯಾರಿಗೋ ಕೊಟ್ಟರು, ಕೊನೆಗೆ ಡಾಕ್ಟರಮ್ಮನ ದನಿ.

"ಬೆಳಿಗ್ಗೆ ಬಂದಿದ್ದೆನಲ್ಲ, ಬಣ್ಣದ ಕೆಲಸದವಳು. ನೀವು ಕೇಳಿದಿರಿ, ಹಿಂದೆ ಏನಾದರೂ ಆಗಿತ್ತಾ ಅಂತ. ಇಲ್ಲ ಅಂದುಬಿಟ್ಟೆ. ಹೋದ ವರ್ಷ ಒಂದು ಚಪ್ಪಲಿ ಬಿದ್ದುಹೋಗಿ ಗೊತ್ತಾಗದೆ ಬರಿಗಾಲಲ್ಲಿ ನಡೆದು ಬಂದಿದ್ದೆ. ಎಡಗಾಲು ಅಂತ ನನ್ನ ನೆನಪು, ನಮ್ಮವರು ಬಲಗಾಲು ಅಂತಾರೆ. ಗೋಡೆ ಹಿಡ್ಕೊಂಡು ಇಳೀತಿದ್ದೆ ಅಂತಲೂ ಅಂತಾರೆ, ಅದು ನಂಗೆ ನೆನಪಿಲ್ಲ. ಎಷ್ಟು ದಿನ ಇತ್ತೋ ಗೊತ್ತಿಲ್ಲ. ಏನೂ ಅಲ್ಲದೇನೂ ಇರಬಹುದು ಡಾಕ್ಟ್ರೇ. ಹೀಗೆ ಹೇಳಿದಳು ಅಂತಲೇ ಬರ್ಕೊಳ್ಳಿ."

ಆ ಕಡೆ ಪೆನ್ನಿನ ಸದ್ದು. "ಬರ್ಕೊಂಡೆ. ಒಳ್ಳೇದಾಯ್ತು ಹೇಳಿದ್ದು" ಎಂದಳು ಡಾಕ್ಟರಮ್ಮ. "ಈ ವಾರವೇ ಒಂದು ದಿನ ಬನ್ನಿ. ಬೆನ್ನಿನ ಪರೀಕ್ಷೆ ಬೇಗ ಮಾಡೋಣ."

ಫೋನು ಇಟ್ಟು ತಿರುಗಿದಾಗ ತೊಟ್ಟಿಯಣ್ಣ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದ. ಅವನ ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ಅದು ಒಂದು ದಿನಕ್ಕೆ ಹೋಗುವುದಲ್ಲ. ಅವನು ಕೆಂಪು ತುಂಡನ್ನು ಮೇಜಿನಿಂದ ಎತ್ತಿಕೊಂಡ.

"ಬಂದಂಗಿದೆ" ಎಂದ. "ಆದ್ರೂ ಬೆಳಗಿನ ಬೆಳಕಿಗೆ ನೋಡೋಣ." ಕಿಟಕಿಯ ಪಕ್ಕಕ್ಕೆ ಹೋಗಿ ಅದನ್ನು ಕಾಯುವ ಮೊಳೆಗೆ ಸಿಕ್ಕಿಸಿದ. ಒಂದು ಕ್ಷಣ ಅಲ್ಲೇ ನಿಂತು, ಜೇಬಿನಿಂದ ಕನ್ನಡಕ ತೆಗೆದು, ಅದರ ಕಡ್ಡಿ ಬಿಡಿಸಿ, ಅದೇ ಮೊಳೆಗೆ ನೇತುಹಾಕಿದ. "ಇದೂ ಇಲ್ಲೇ ಇರಲಿ. ಮನೆಗೆ ಹೋಗಿ ಅವಳಿಗೆ ಏನಂತ ಹೇಳಬೇಕೋ ಯೋಚನೆ ಮಾಡ್ಬೇಕು" ಎಂದು ಗೊಣಗಿ, ಬಾಗಿಲ ಬಳಿ ತಿರುಗಿ, "ಹೊತ್ತಾಯ್ತು, ಒಂದು ಲೋಟ ನೀರು ಕುಡಿ ಅಕ್ಕಾ, ಮುಖ ಬಾಡಿದೆ" ಎಂದು ಹೋದ.

ಅವಳು ಕೋಟಿನ ತೋಳು ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಕಿಟಕಿಯ ಎದುರಿಗೆ ಕೂತು, ಬಲಗಣ್ಣನ್ನು ಮತ್ತೆ ಅಂಗೈಯಿಂದ ಮುಚ್ಚಿ, ಆಮೇಲೆ ತೆಗೆದಳು. ಮೊಳೆಯ ಮೇಲೆ ಬಟ್ಟೆಯ ತುಂಡು, ಅದರ ಮುಂದೆ ಯಾರ ಕಣ್ಣಿಗೂ ಬೇಡದ ಕನ್ನಡಕ. ಎರಡು ಕಣ್ಣಿನಿಂದಲೂ ಒಟ್ಟಿಗೆ ನೋಡಿದಾಗ ಆ ಕೆಂಪು ಅವಳು ನೆನಪಿಟ್ಟುಕೊಂಡಿದ್ದ ಕೆಂಪಾಗಿರಲಿಲ್ಲ, ಸೋತ ಕೆಂಪೂ ಆಗಿರಲಿಲ್ಲ. ಬೆಳಕು ಇನ್ನೂ ಸ್ವಲ್ಪ ಇತ್ತು. ಅವಳು ನೋಡುತ್ತ ಕೂತಳು.